ಅಟ್ಟಣೆಯ ರಾತ್ರಿ, ಟೆಂಟಿನ ರಾತ್ರಿ

ದೊಡ್ಡಗಾಜನೂರು ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಮನೆಯೊಳಗಿನ ಮಾತು ಕನ್ನಡ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. ಕಾಡು ಮಾತ್ರ ಇಬ್ಭಾಗವಾಗಲಿಲ್ಲ. ಈ ಕಡೆ ಸತ್ಯಮಂಗಲದ್ದು, ಆ ಕಡೆ ಬಿಳಿಗಿರಿರಂಗನ ಬೆಟ್ಟದ್ದು ಎಂದು ಎರಡು ಹುಲಿ ಮೀಸಲುಗಳ ಹೆಸರಿದ್ದರೂ ಆನೆ ಹಿಂಡಿಗೆ ಅದೆಲ್ಲ ಒಂದೇ ಸೀಮೆ.

ದೀಪಾವಳಿ ಕಳೆದ ವಾರ, ಹೊಲದಲ್ಲಿ ರಾಗಿ ತೆನೆ ಬಲಿತಿದ್ದಾಗ, ಒಂದು ಮನೆಯ ಜಗಲಿಯಲ್ಲಿ ಈ ಮಾತು ನಡೆಯಿತು. ಒಬ್ಬರು ಎಪ್ಪತ್ತು ದಾಟಿದ ರೈತರು. ಇನ್ನೊಬ್ಬಳು ಅವರ ತಮ್ಮನ ಮಗಳು, ಕೊಯಮತ್ತೂರಿನ ಕಂಪನಿಯೊಂದರಲ್ಲಿ ಕೆಲಸ, ಹಬ್ಬಕ್ಕೆ ಊರಿಗೆ ಬಂದವಳು. ಕೇಳುತ್ತ ಕುಳಿತಿದ್ದ ನನಗೆ ಇಬ್ಬರ ಮಾತೂ ತಟ್ಟಿತು, ಬರೆದಿಟ್ಟೆ.

ಹುಡುಗಿ: ದೊಡ್ಡಪ್ಪ, ಪೊಂಗಲ್ ಕಳೆದ ಮೇಲೆ ಒಂದು ಶನಿವಾರ ನಾನೂ ನನ್ನ ಜೊತೆ ಕೆಲಸ ಮಾಡೋರು ಒಂದಷ್ಟು ಜನಾನೂ ಬರ್ತೀವಿ. ಬಿಳಿಗಿರಿ ಬೆಟ್ಟಕ್ಕೆ ಹೋಗಿ ದೊಡ್ಡಸಂಪಿಗೆ ಮರ ನೋಡಿ, ಅಲ್ಲೇ ಎಲ್ಲಾದ್ರೂ ಟೆಂಟ್ ಹಾಕಿ ಮಲಗಿ, ಭಾನುವಾರ ಇನ್ನೊಂದಷ್ಟು ದೂರ ನಡೆದು ವಾಪಸ್ಸು ಬರೋದು ಅಂತ.

ದೊಡ್ಡಪ್ಪ: ಅಲ್ಲೇ ಎಲ್ಲಾದ್ರೂ ಅಂದ್ರೆ ಎಲ್ಲವ್ವ?

ಹುಡುಗಿ: ಮರ ಇರೋದು ಭಾರ್ಗವಿ ಹೊಳೆ ದಂಡೇಲಿ. ನೀರು ಹತ್ತಿರ ಇದ್ರೆ ಒಳ್ಳೇದಲ್ವಾ?

ದೊಡ್ಡಪ್ಪ: ನಿಂಗೆ ಒಳ್ಳೇದು. ಆನೆಗೂ ಒಳ್ಳೇದು. ಕಾಟಿಗೂ ಒಳ್ಳೇದು. ಜನವರಿ ಅಂದ್ರೆ ಮೇಲಿನ ಹಳ್ಳಗಳೆಲ್ಲ ಬತ್ತುತ್ತಾ ಬರೋ ಕಾಲ. ಕತ್ತಲಾದ ಮೇಲೆ ಹೊಳೆ ದಂಡೆ ಯಾರ ದಾರಿ ಅನ್ನೋದು ನಿಂಗೆ ಗೊತ್ತಿಲ್ಲ, ನಿನ್ನ ಜೊತೆಯವರಿಗಂತೂ ಗೊತ್ತೇ ಇಲ್ಲ.

ಹುಡುಗಿ: ಗೊತ್ತಿಲ್ಲ, ಒಪ್ಪಿದೆ. ಹುಲಿ ಮೀಸಲೊಳಗೆ ಸ್ವಂತ ಟೆಂಟ್ ಹಾಕೋಕೆ ಬಿಡಲ್ಲ ಅಂತಾನೂ ವಿಚಾರಿಸಿದ್ದೀನಿ. ಮರದ ಹತ್ತಿರ ಹೋಗೋಕೂ ಅರಣ್ಯ ಇಲಾಖೆ ಅನುಮತಿ ಬೇಕು. ಮಲಗೋದಾದ್ರೆ ಕ್ಯಾತದೇವರ ಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ, ಅಲ್ಲಿ ದುಡ್ಡು ಕೊಟ್ಟು ಮಲಗಬೇಕು. ನಾನು ಕೇಳ್ತಿರೋದು ಕಾನೂನಲ್ಲ ದೊಡ್ಡಪ್ಪ. ಕಾಡಲ್ಲಿ ಒಂದು ರಾತ್ರಿ ಕಳೀಬೇಕು ಅಂತ ಆಸೆ ಪಡೋದರಲ್ಲಿ ತಪ್ಪೇನು?

ದೊಡ್ಡಪ್ಪ: ಆಸೆ ತಪ್ಪಲ್ಲ. ನಂಗೆ ಅದು ಅರ್ಥ ಆಗಲ್ಲ, ಅಷ್ಟೆ. ಇವತ್ತು ಊಟ ಆದ ಮೇಲೆ ನಾನು ಎಲ್ಲಿಗೆ ಹೋಗ್ತೀನಿ ಹೇಳು.

ಹುಡುಗಿ: ಅಟ್ಟಣೆಗೆ.

ದೊಡ್ಡಪ್ಪ: ಹ್ಞೂ. ರಾಗಿ ಬಲಿತಾಗಿನಿಂದ ಕೊಯ್ದು ಮೆದೆ ಹಾಕೋವರೆಗೆ ಅಟ್ಟಣೆ ಮೇಲೇ ಮಲಗೋದು. ಮಲಗೋದು ಅಂತ ಬಾಯಲ್ಲಿ ಹೇಳ್ತೀವಿ. ಕಣ್ಣು ಮುಚ್ಚಿದರೆ ಬೆಳಿಗ್ಗೆ ತೆನೆ ಇರಲ್ಲ. ಚಳಿ, ಸೊಳ್ಳೆ, ಒಂದು ಟಾರ್ಚು, ಒಂದು ಕಟ್ಟು ಪಟಾಕಿ. ಆ ಹೊಲದಿಂದ ಈ ಹೊಲಕ್ಕೆ ಕೂಗು. ಒಬ್ಬನ ಕೂಗು ನಿಂತರೆ ಉಳಿದವರ ಎದೆ ಡವಡವ ಅನ್ನುತ್ತೆ. ಬೇಲಿ ಪಕ್ಕ ಕೊಂಬೆ ಮುರಿದ ಸದ್ದು ಕೇಳಿದರೆ ಅದು ದನಾನೋ ಆನೇನೋ ಅಂತ ಕತ್ತಲಲ್ಲೇ ತೀರ್ಮಾನ ಮಾಡಬೇಕು. ಕರುಪ್ಪನ್ ಅಂತ ಹೆಸರಿಟ್ಟಿದ್ರಲ್ಲ, ಆ ಸಲಗ, ಅದರ ಕಾಲಿಗೆ ಸಿಕ್ಕಿ ನಮ್ಮಂಥ ರೈತರೇ ಸತ್ತರು. ಕುಮ್ಕಿ ಆನೆ ತಂದು, ಹಿಡಿಯೋಕೆ ಹೋಗಿ, ಸೋತು, ಮತ್ತೆ ಬಂದು, ಕೊನೆಗೆ 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದರು. ಅಲ್ಲೀವರೆಗೆ ನಮ್ಮ ಸೀಮೆ ಜನಕ್ಕೆ ನಿದ್ದೆ ಅನ್ನೋದಿರಲಿಲ್ಲ. ನಾನು ರಾತ್ರಿ ಬಯಲಲ್ಲಿರೋದು ಗತಿಯಿಲ್ಲದೆ. ಅದನ್ನೇ ನೀನು ದುಡ್ಡು ಕೊಟ್ಟು ಮಾಡ್ತೀನಿ ಅಂತೀಯ.

ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾಡಿನಲ್ಲಿ ಕಾಡಿನ ಬಗ್ಗೆ ನಡೆಯುವ ಎಷ್ಟೋ ಚರ್ಚೆಗಳಲ್ಲಿ ಈ ಮಾತು ಬರುವುದೇ ಇಲ್ಲ ಎಂಬುದು ನನ್ನ ಅಳಲು. ಕಾಡಂಚಿನ ರೈತನಿಗೆ ಕಾಡು ಎಂದರೆ ಮೊದಲು ಕಾವಲು.

ಹುಡುಗಿ: ಸರಿ. ಆದ್ರೆ ದೊಡ್ಡಪ್ಪ, ನಿಮಗೆ ಗತಿಯಿಲ್ಲದೆ ಬಂದದ್ದು ಅನ್ನೋ ಕಾರಣಕ್ಕೆ ನನಗೆ ಅದು ಇಷ್ಟ ಆಗಬಾರದಾ? ಅಜ್ಜಿ ದಿನಾ ಸೌದೆಗೆ ಕಾಡಿಗೆ ಹೋಗ್ತಿದ್ರಲ್ಲ?

ದೊಡ್ಡಪ್ಪ: ಹೋಗ್ತಿದ್ರು. ಹೊರೆ ಹೊತ್ತು ಹೊತ್ತು ನೆತ್ತಿ ಕೂದಲೇ ಉದುರಿತ್ತು.

ಹುಡುಗಿ: ಅವರು ಯಾವತ್ತಾದ್ರೂ ಒಂದು ಮರದ ಕೆಳಗೆ ಸುಮ್ಮನೆ ಕೂತು ತಲೆ ಎತ್ತಿ ನೋಡಿದ್ರಾ? ನಾನು ಕೇಳಿದ್ದೀನಿ ಅವರನ್ನ. ತಲೆ ಮೇಲೆ ಹೊರೆ ಇದ್ರೆ ಕತ್ತು ಎತ್ತೋಕೆ ಎಲ್ಲಾಗುತ್ತೆ ಮಗಳೇ ಅಂದ್ರು. ನಮ್ಮ ಮನೆ ಹೆಂಗಸರು ಕಾಡಿಗೆ ಸೌದೆಗೆ ಹೋಗಬಹುದು, ಸೊಪ್ಪಿಗೆ ಹೋಗಬಹುದು, ದನ ಹುಡುಕ್ಕೊಂಡು ಹೋಗಬಹುದು. ನೋಡೋಕೆ ಅಂತ ಹೋದ್ರೆ ಮಾತ್ರ ಯಾಕೆ, ಯಾರ ಜೊತೆ, ಯಾವಾಗ ಬರ್ತೀಯ. ನನ್ನ ದುಡಿಮೆ ದುಡ್ಡಲ್ಲಿ, ತಲೆ ಮೇಲೆ ಏನೂ ಹೊರದೆ, ಒಂದು ದೊಡ್ಡ ಮರ ನೋಡಬೇಕು ಅನ್ನೋದು ನನಗೆ ಶೋಕಿ ಅನ್ನಿಸಲ್ಲ.

ದೊಡ್ಡಪ್ಪ: ಈ ಮಾತು ಒಪ್ಪಿದೆ ಕಣವ್ವ. ನೋಡು, ಬೇಡ ಅನ್ನಲ್ಲ. ನಾನು ಹುಡುಗನಾಗಿದ್ದಾಗ ಆ ಮರ ನೋಡೋಕೆ ಹೋಗಿದ್ದೆ, ದೊಡ್ಡವರ ಜೊತೆ, ಕಾಡೊಳಗೇ ನಡೆದು. ಬುಡದಲ್ಲಿ ಲಿಂಗದ ಕಲ್ಲುಗಳು ಸಾಲಾಗಿ. ನಾವು ಅಷ್ಟೂ ಜನ ಕೈ ಕೈ ಹಿಡ್ಕೊಂಡ್ರೂ ಬುಡ ಸುತ್ತೋಕಾಗಲಿಲ್ಲ. ಕೈ ಮುಗಿದೆವು, ಬುತ್ತಿ ಬಿಚ್ಚಿ ಉಂಡೆವು, ಹೊತ್ತು ಮುಳುಗೋಕೆ ಮುಂಚೆ ಕಾಡಲ್ಲೇ ಬದುಕೋ ಸೋಲಿಗರ ಪೋಡು, ಅಂದರೆ ಅವರ ಹಾಡಿ, ಸೇರಿಕೊಂಡೆವು. ಕಾಡಿಗೆ ಹೋಗೋ ಕ್ರಮ ಅದು. ಹೋಗು, ಕೈ ಮುಗಿ, ಕತ್ತಲಾಗೋಕೆ ಮುಂಚೆ ಜಾಗ ಬಿಡು.

ಹುಡುಗಿ: ಆ ಮರಕ್ಕೆ ಎರಡು ಸಾವಿರ ವರ್ಷ ಅಂತಾರಲ್ಲ, ನಂಬ್ತೀರಾ?

ದೊಡ್ಡಪ್ಪ: ನೀನು ನಂಬಲ್ವಾ?

ಹುಡುಗಿ: ಲೆಕ್ಕ ಹಾಕೋದು ಕಷ್ಟ ಅಂತೀನಿ. ಚಳಿ ದೇಶದ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತೆ. ನಮ್ಮ ಕಡೆ ಎಷ್ಟೋ ಮರಗಳಲ್ಲಿ ಅಷ್ಟು ಸ್ಪಷ್ಟವಾಗಿ ಮೂಡಲ್ಲ. ತುಂಬ ಹಳೇ ಮರ ಆದ್ರೆ ಒಳಗೆ ಟೊಳ್ಳೂ ಆಗಿರುತ್ತೆ, ಎಣಿಸೋಕೆ ಏನೂ ಉಳಿದಿರಲ್ಲ. ಅದಕ್ಕೇ ಅಮೆರಿಕದ ದೊಡ್ಡ ಮರಗಳ ವಯಸ್ಸನ್ನ ಅವರು ಧೈರ್ಯವಾಗಿ ಹೇಳ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಜನರಲ್ ಶೆರ್ಮನ್ ಅನ್ನೋ ಸಿಕೋಯಾ ಮರ ಇದೆ. ಸುಮಾರು 84 ಮೀಟರ್ ಎತ್ತರ, ಎರಡು ಸಾವಿರ ವರ್ಷ ದಾಟಿದೆ ಅಂತಾರೆ.

ದೊಡ್ಡಪ್ಪ: ಅದರ ಬುಡದಲ್ಲೂ ಟೆಂಟ್ ಹಾಕ್ತಾರಾ?

ಹುಡುಗಿ: ಇಲ್ಲ, ಬೇಲಿ ಇದೆ. ಅದಕ್ಕಿಂತ ಎತ್ತರದ್ದು ಇನ್ನೊಂದು ಮರ, ಹೈಪೀರಿಯನ್ ಅಂತ, ರೆಡ್‌ವುಡ್ ಜಾತಿ. 2006ರಲ್ಲಿ ಕಂಡುಹಿಡಿದ್ರು. 115 ಮೀಟರ್‌ಗೂ ಹೆಚ್ಚು, ಜಗತ್ತಿನಲ್ಲೇ ಅತಿ ಎತ್ತರದ ಜೀವಂತ ಮರ. ಎಲ್ಲಿದೆ ಅಂತ ಅಧಿಕಾರಿಗಳು ಗುಟ್ಟು ಮಾಡಿದ್ರೂ ಜನ ಹುಡುಕ್ಕೊಂಡು ಹೋದ್ರು. ದಾರಿ ಇಲ್ಲದ ಕಡೆ ಹೋಗಿ ಹೋಗಿ ದಾರಿ ಬಿತ್ತು. ಬುಡದ ಸುತ್ತ ಇದ್ದ ಜರೀಗಿಡ ಎಲ್ಲ ತುಳಿದು ಹಾಳಾಯ್ತು. 2022ರಲ್ಲಿ ಆ ಜಾಗಕ್ಕೆ ಯಾರೂ ಕಾಲಿಡಬಾರದು ಅಂತ ಮುಚ್ಚಿದ್ರು. ಹೋದ್ರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ದೊಡ್ಡಪ್ಪ: ಕೇಳಿಸ್ಕೊಂಡ್ಯಾ ನೀನೇ ಹೇಳಿದ್ದನ್ನ? ಆ ಮರ ಕಡಿಯೋಕೆ ಅಂತ ಒಬ್ಬನೂ ಹೋಗಿರಲಿಲ್ಲ. ಎಲ್ಲರೂ ಪ್ರೀತಿಯಿಂದ ಹೋದವರು.

ಹುಡುಗಿ: ಅದಕ್ಕೇ ಹೇಳಿದ್ದು. ಮುಚ್ಚಿಡೋ ಉದ್ದೇಶ ನಂಗಿಲ್ಲ. ರೆಡ್‌ವುಡ್ ಮರದ ಬೇರು ಆಳಕ್ಕೆ ಹೋಗಲ್ಲ, ಅಗಲಕ್ಕೆ ಹರಡುತ್ತೆ. ಮೇಲಿನ ಮಣ್ಣು ಕಾಲಿಗೆ ಸಿಕ್ಕಿ ಗಟ್ಟಿಯಾದ್ರೆ ನೀರೂ ಇಳಿಯಲ್ಲ, ಗಾಳೀನೂ ಆಡಲ್ಲ. ಇದು ಗೊತ್ತಿರೋರು ದೂರ ನಿಂತು ನೋಡ್ತಾರೆ. ಗೊತ್ತಾಗಬೇಕಾದ್ರೆ ಒಮ್ಮೆಯಾದ್ರೂ ಹತ್ತಿರ ಬರಬೇಕಲ್ವಾ?

ದೊಡ್ಡಪ್ಪ: ಗೊತ್ತಾಗೋಕೆ ಅಂತ ಸಾವಿರ ಜನ ಬಂದರೆ, ಅವರಿಗೆ ಗೊತ್ತಾಗೋ ಹೊತ್ತಿಗೆ ಮರ ಒಣಗಿರುತ್ತೆ.

ಹುಡುಗಿ: ಈಗ ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೈ ಮುಗಿಯೋಕೆ ಹೋಗೋರು ತುಳಿಯಲ್ವಾ? ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಕಾಡು ದಾರೀಲಿ ನಡೆದು ಹೋಗ್ತಾರಲ್ಲ, ಅವರ ಹಿಂದೆ ನೀವು ಹೋಗಿ ನೋಡಿದ್ದೀರಾ? ನೀರಿನ ಬಾಟ್ಲು, ಊಟದ ತಟ್ಟೆ, ಶಾಂಪೂ ಚೀಟಿ. ಬಣ್ಣಾರಿ ಕುಂಡದ ಹಬ್ಬ ಆದ ಮಾರನೇ ದಿನ? ದೇವರ ಹೆಸರಲ್ಲಿ ಹೋದ್ರೆ ಕಾಡಿಗೆ ನೋವಾಗಲ್ಲ, ಹುಡುಗರು ಟೆಂಟ್ ತಗೊಂಡು ಹೋದ್ರೆ ಮಾತ್ರ ಆಗುತ್ತಾ?

ದೊಡ್ಡಪ್ಪ: ಅದೂ ತಪ್ಪೇ. ಮೊದಲು ಹಂಗಿರಲಿಲ್ಲ. ಬುತ್ತಿ ಬಟ್ಟೇಲಿತ್ತು, ಎಲೇಲಿ ಉಣ್ತಿದ್ದೆವು.

ಹುಡುಗಿ: ಮೊದಲು ಹೋಗ್ತಿದ್ದದ್ದು ಎಷ್ಟು ಜನ, ಈಗೆಷ್ಟು ಜನ? ಭಕ್ತಿ ಬದಲಾಗಿಲ್ಲ, ಜನ ಜಾಸ್ತಿ ಆದ್ರು. ಅದಕ್ಕೆ ಇಷ್ಟೇ ಜನ ಅಂತ ಲೆಕ್ಕ ಬೇಕು, ಚಾರಣಕ್ಕೂ ಜಾತ್ರೆಗೂ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಟ್ಟೊಟ್ಟಿಗೆ ನುಗ್ಗಿದ ಜನ ನೋಡಿ ಕರ್ನಾಟಕ ಸರ್ಕಾರವೇ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಬರಲಿ ಅಂತು. ನಮ್ಮ ತಮಿಳುನಾಡಲ್ಲಿ ಅದೇ ವರ್ಷ ಅಕ್ಟೋಬರ್‌ನಲ್ಲಿ 40 ದಾರಿಗಳನ್ನ ಗುರುತಿಸಿ ಚಾರಣಕ್ಕೆ ಬಿಟ್ಟರು. ಜೊತೆಗೆ ಮಾರ್ಗದರ್ಶಿ ಇರಲೇಬೇಕು. ಇಂಥದ್ದು ಬೇಡ ಅಂದ್ರೆ ಕಳ್ಳದಾರೀಲಿ ಹೋಗೋರು ಹೆಚ್ಚಾಗ್ತಾರೆ.

ದೊಡ್ಡಪ್ಪ: ಕುರಂಗಣಿ ಮರೆತೆಯಾ? ತೇನಿ ಜಿಲ್ಲೆ. 2018ರ ಮಾರ್ಚ್. ಚಾರಣಕ್ಕೆ ಅಂತ ಹೋದ ಇಪ್ಪತ್ತಕ್ಕೂ ಹೆಚ್ಚು ಜನ ಕಾಡ್ಗಿಚ್ಚಿಗೆ ಸಿಕ್ಕಿ ಹೋದರು. ಹೆಚ್ಚಿನವರು ನಿನ್ನ ವಯಸ್ಸಿನವರೇ, ಹೆಣ್ಣುಮಕ್ಕಳೇ. ಆ ದಿನ ಟಿವಿ ಮುಂದೆ ನಿನ್ನ ಅಮ್ಮ ಅತ್ತದ್ದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಹುಡುಗಿ: ಮರೆತಿಲ್ಲ. ಆಮೇಲೇ ಚಾರಣದ ನಿಯಮ ಬಂದದ್ದು. ಬೇಸಿಗೇಲಿ ಹೋಗಲ್ಲ, ಬೆಂಕಿ ಹಾಕಲ್ಲ. ಕ್ಯಾಂಪ್ ಫೈರ್ ಇಲ್ಲದಿದ್ರೆ ಕ್ಯಾಂಪೇ ಅಲ್ಲ ಅಂತ ಒಬ್ಬ ಗೊಣಗಿದ. ಹಾಗಾದ್ರೆ ನೀನು ಬರಬೇಡ ಅಂದೆ.

ದೊಡ್ಡಪ್ಪ: ಅದು ಸರಿ ಮಾಡಿದೆ. ಹೆಜ್ಜೇನು ಕಟ್ಟೋದೇ ಎತ್ತರದ ಮರದಲ್ಲಿ. ಕೆಳಗೆ ಹೊಗೆ ಹಾಕಿದರೆ ಎದ್ದು ಬರುತ್ತೆ. ಓಡೋಕೂ ದಾರಿ ಇರಲ್ಲ.

ಬೆಂಕಿಯ ಮಾತು ಬಂದದ್ದೇ ತಡ, ಮಾತು ಇನ್ನೊಂದು ಕಡೆ ಹೊರಳಿತು. ಇಬ್ಬರೂ ಒಬ್ಬರನ್ನೊಬ್ಬರು ತಡೆಯದೆ ತುಂಬ ಹೊತ್ತು ಮಾತಾಡಿದ್ದು ಇಲ್ಲೇ. ನನಗೂ ಹೆಚ್ಚು ಕಲಿಸಿದ್ದು ಈ ಭಾಗ.

ಹುಡುಗಿ: ಬೆಂಕಿ ಅಂದ್ರೆ ಕಾಡಿಗೆ ಯಾವಾಗಲೂ ಕೆಡುಕು ಅಂತಾನಾ ದೊಡ್ಡಪ್ಪ?

ದೊಡ್ಡಪ್ಪ: ಯಾರು ಹಂಗಂದರು? ಸೋಲಿಗರನ್ನ ಕೇಳು. ಚಳಿಗಾಲ ಮುಗಿಯೋ ಹೊತ್ತಿಗೆ, ಹುಲ್ಲು ಪೂರಾ ಒಣಗೋಕೆ ಮುಂಚೆ, ಅವರು ತರಗು ಬೆಂಕಿ ಹಾಕ್ತಿದ್ದರು. ಮೊಣಕಾಲೆತ್ತರ ಏಳದ ಬೆಂಕಿ. ಉದುರಿದ ಎಲೆ ಸುಟ್ಟು ಮುಂದೆ ಹೋಗುತ್ತೆ, ಮರಕ್ಕೆ ಏನೂ ಆಗಲ್ಲ. ಮಳೆ ಬಿದ್ದ ಮೇಲೆ ಹಸಿ ಹುಲ್ಲು, ಜಿಂಕೆಗೆ ಕಾಟಿಗೆ ಮೇವು. ನೆಲ್ಲಿ ಮರ ಹತ್ತೋ ಉಪ್ಪಿಲು, ಆ ಬಂದಳಿಕೆ, ಅದೂ ಕಾವಿಗೆ ಸಾಯ್ತಿತ್ತು ಅಂತಾರೆ. ಬಿಳಿಗಿರಿ ಬೆಟ್ಟಾನ ಅಭಯಾರಣ್ಯ ಅಂತ ಮಾಡಿದರಲ್ಲ...

ಹುಡುಗಿ: 1974ರಲ್ಲಿ.

ದೊಡ್ಡಪ್ಪ: ಆಗ ಬೇಟೆ ನಿಲ್ತು, ಕಾಡು ಕಡಿದು ರಾಗಿ ಬಿತ್ತೋದು ನಿಲ್ತು, ಬೆಂಕೀನೂ ನಿಲ್ಲಿಸಿದರು. ಎಷ್ಟೋ ಪೋಡು ಎದ್ದು ಹೋದವು. ಈಗ ನೋಡು ಹೋಗಿ. ಎಲ್ಲಿ ನೋಡಿದರೂ ಲಂಟಾನ. ಆನೆ ನುಗ್ಗೋಕೂ ಹಿಂದೆ ಮುಂದೆ ನೋಡುತ್ತೆ. ಅದರೊಳಗೆ ಬೆಂಕಿ ಬಿದ್ದರೆ ಮರದ ನೆತ್ತಿವರೆಗೆ ಏರುತ್ತೆ. ಸಣ್ಣ ಬೆಂಕಿ ಬೇಡ ಅಂದವರು ದೊಡ್ಡ ಬೆಂಕಿಗೆ ಸೌದೆ ಕೂಡಿಟ್ಟರು. ಮೇವಿಲ್ಲದ ಆನೆ ನನ್ನ ರಾಗಿಗೆ ಬರದೆ ಎಲ್ಲಿಗೆ ಹೋಗುತ್ತೆ?

ಹುಡುಗಿ: ಕ್ಯಾಲಿಫೋರ್ನಿಯಾದಲ್ಲೂ ಇದೇ ಆಯ್ತು. ಸಿಕೋಯಾ ಮರದ ತೊಗಟೆ ದಪ್ಪ, ಸಣ್ಣ ಬೆಂಕಿ ತಡ್ಕೊಳ್ಳುತ್ತೆ. ಅದರ ಕಾಯಿ ಬಿರಿದು ಬೀಜ ಉದುರೋಕೆ ಬೆಂಕಿ ಕಾವು ನೆರವಾಗುತ್ತೆ, ಬೀಜ ಮೊಳೆಯೋಕೆ ಸುಟ್ಟು ತೆರವಾದ ನೆಲ ಬೇಕು. ಅಲ್ಲಿಯ ಮೂಲ ನಿವಾಸಿಗಳೂ ಬೆಂಕಿ ಹಾಕ್ತಿದ್ರು. ಮರ ಉಳಿಸ್ತೀವಿ ಅಂತ ಸರ್ಕಾರ ನೂರು ವರ್ಷದ ಹತ್ತಿರ ಬೆಂಕಿ ಆರಿಸ್ತಾ ಬಂತು. ಕೆಳಗೆ ಸಣ್ಣ ಮರ, ಒಣಕಲು ಎಲ್ಲ ತುಂಬ್ಕೊಂಡ್ತು. 2020ರಲ್ಲಿ ಬಿದ್ದ ಒಂದೇ ಒಂದು ಕಾಡ್ಗಿಚ್ಚಿಗೆ ಜಗತ್ತಿನಲ್ಲಿರೋ ದೊಡ್ಡ ಸಿಕೋಯಾಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸತ್ತವು ಅಂತ ಅಂದಾಜು. ಮಾರನೇ ವರ್ಷ ಮತ್ತೆ ಬೆಂಕಿ ಬಂದಾಗ ಜನರಲ್ ಶೆರ್ಮನ್ ಮರದ ಬುಡಕ್ಕೆ ಬೆಂಕಿ ತಡೆಯೋ ಹಾಳೆ ಸುತ್ತಿ ಕಾಪಾಡಿದ್ರು.

ದೊಡ್ಡಪ್ಪ: ಎರಡು ಸಾವಿರ ವರ್ಷ ತನ್ನನ್ನ ತಾನೇ ಕಾಪಾಡಿಕೊಂಡ ಮರಕ್ಕೆ?

ಹುಡುಗಿ: ಹ್ಞೂ. ಅದಕ್ಕೇ ನಾನು ಹೇಳೋದು, ಜನ ಒಳಗೇ ಬರಬಾರದು ಅನ್ನೋದು ಕಾಡಿಗೆ ಒಳ್ಳೇದು ಅಂತ ಅಲ್ಲ. ಸೋಲಿಗರನ್ನ ಆಚೆ ಇಟ್ಟದ್ದರಿಂದ ಏನಾಯ್ತು ಅಂತ ನೀವೇ ಹೇಳಿದ್ರಿ.

ದೊಡ್ಡಪ್ಪ: ತಡಿ ತಡಿ. ಸೋಲಿಗರೂ ನೀನೂ ಒಂದೇನಾ? ಅವರಿಗೆ ಬಿಳಿಗಿರಿರಂಗ ಭಾವ. ಅವರ ಮನೆ ಹೆಣ್ಣು ಕುಸುಮಾಲೆಯನ್ನ ಮದುವೆ ಆದವನು. ಕಾಡು ಅವರಿಗೆ ಬೀಗರ ಮನೆ, ಹೋಗಿ ಬರೋ ಸಲಿಗೆ ಇದೆ, ಹೋದಾಗ ನಡೆದುಕೊಳ್ಳಬೇಕಾದ ರೀತೀನೂ ಇದೆ. ಎಲ್ಲಿ ಯಾವ ದೇವರ ಕಲ್ಲಿದೆ, ಯಾವ ಕುಲದವರು ಎಲ್ಲಿ ಪೂಜೆ ಮಾಡಬೇಕು, ಜೇನು ಕಿತ್ತರೆ ಎಷ್ಟು ಬಿಡಬೇಕು, ಎಲ್ಲಾ ಅವರಿಗೆ ಗೊತ್ತು. ಅವರ ಕಾಲು ತಾಗಿದ ನೆಲ ಬೇರೆ, ನಿನ್ನ ಬೂಟು ತಾಗಿದ ನೆಲ ಬೇರೆ.

ಹುಡುಗಿ: ಒಂದೇ ಅಲ್ಲ. ಆದ್ರೆ ನೀವೂ ಸೋಲಿಗರಲ್ಲ ದೊಡ್ಡಪ್ಪ. ಕಾಡಿನ ಪರವಾಗಿ ನಾವಿಬ್ಬರೂ ಮಾತಾಡ್ತಿದ್ದೀವಿ, ಅವರನ್ನ ಯಾರೂ ಕೇಳ್ತಿಲ್ಲ.

ದೊಡ್ಡಪ್ಪ: (ನಕ್ಕು) ಅದು ನಿಜ.

ಹುಡುಗಿ: ಬಿಳಿಗಿರಿ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ತು. ಹುಲಿ ಮೀಸಲೊಳಗೆ ಅಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಅವರು ಮೊದಲಿಗರು. ಹಾಗಾದ್ರೆ ಯಾವ ದಾರೀಲಿ ಹೋಗಬಹುದು, ಯಾವ ತಿಂಗಳು, ಎಷ್ಟು ಜನ, ಮರದಿಂದ ಎಷ್ಟು ದೂರ ನಿಲ್ಲಬೇಕು, ಇದನ್ನ ಅವರ ಗ್ರಾಮಸಭೆ ತೀರ್ಮಾನ ಮಾಡಲಿ. ಬರಬೇಡಿ ಅಂದ್ರೆ ನಾನು ಹೋಗಲ್ಲ. ಬನ್ನಿ ಅಂದ್ರೆ ಅವರ ಹುಡುಗ ಹುಡುಗಿಯರೇ ಕರ್ಕೊಂಡು ಹೋಗಲಿ, ನಾವು ಕೊಡೋ ದುಡ್ಡು ಅವರಿಗೇ ಸೇರಲಿ.

ದೊಡ್ಡಪ್ಪ: ಮಾತು ಚೆನ್ನಾಗಿದೆ. ದುಡ್ಡು ಬಂದ ಮೇಲೆ ಏನಾಗುತ್ತೆ ಅದನ್ನೂ ಹೇಳು. ಆ ಹುಡುಗನಿಗೆ ಮರದ ಹೆಸರು ಗೊತ್ತು, ಬೇರಿನ ಔಷಧ ಗೊತ್ತು, ಹೆಜ್ಜೆ ನೋಡಿ ಹೇಳೋದು ಗೊತ್ತು. ಅವನು ನಿಮ್ಮ ಚೀಲ ಹೊರೋನು, ಚಪಾತಿ ಬೇಯಿಸೋನು ಆಗಿಬಿಟ್ಟರೆ? ಇವತ್ತು ಗ್ರಾಮಸಭೆ ಹತ್ತು ಜನ ಅಂತು ಅಂದುಕೋ. ಹೊರಗಿನವನು ಒಬ್ಬ ಬಂದು ಇಪ್ಪತ್ತಕ್ಕೆ ಇಷ್ಟು ಕೊಡ್ತೀನಿ ಅಂದರೆ, ಮನೇಲಿ ಮಗುಗೆ ಕಾಯಿಲೆ ಇರೋ ಬಡವ ಬೇಡ ಅಂತಾನಾ? ನೀನು ಒಳ್ಳೇ ಮನಸ್ಸಿಂದ ತೆಗೆದ ಬಾಗಿಲಲ್ಲಿ ನಿನ್ನ ಹಿಂದೆ ಯಾರ್‍ಯಾರು ಬರ್ತಾರೆ ಅಂತ ನಿಂಗೆ ಗೊತ್ತಿಲ್ಲ.

ಹುಡುಗಿಯ ಬಳಿ ಇದಕ್ಕೆ ಸಿದ್ಧ ಉತ್ತರವಿರಲಿಲ್ಲ. ಇದಕ್ಕೆ ಸುಲಭದ ಉತ್ತರ ಯಾರ ಬಳಿಯೂ ಇರುವಂತೆ ನನಗೆ ಕಾಣುವುದಿಲ್ಲ. ಹಾಗೆಂದು ಬಡವನ ಆಯ್ಕೆಯನ್ನು ಅವನ ಒಳಿತಿನ ಹೆಸರಿನಲ್ಲಿ ಬೇರೆಯವರು ಮಾಡುವುದೂ ಸರಿಯಲ್ಲ.

ಹುಡುಗಿ: ಆ ಭಯ ನಂಗೂ ಇದೆ. ಆದ್ರೆ ಬಾಗಿಲು ಮುಚ್ಚಿದ್ದಾಗ ಕಾಡಲ್ಲಿ ಏನು ನಡೀತು ಅನ್ನೋದನ್ನೂ ನೋಡಬೇಕಲ್ವಾ? ನೀವೇ ಕಂಡಿದ್ದೀರಿ. ಶ್ರೀಗಂಧ ಹೋಯ್ತು, ದಂತ ಹೋಯ್ತು. ನಮ್ಮೂರಿಗೆ ಅದು ಗೊತ್ತಿರೋ ಹಾಗೆ ಇನ್ನಾರಿಗೆ ಗೊತ್ತು?

ದೊಡ್ಡಪ್ಪ: ಅದನ್ನ ನೆನೆಸಬೇಡ. 2000ದ ಜುಲೈ 30, ರಾತ್ರಿ. ಅಣ್ಣಾವ್ರು, ನಮ್ಮ ನಟ ರಾಜ್‌ಕುಮಾರ್, ಊರಿಗೆ ಬಂದಿದ್ದರು, ತೋಟದ ಮನೇಲಿದ್ದರು. ಕಾಡುಗಳ್ಳ ವೀರಪ್ಪನ್ ಬಂದು ಅಪಹರಿಸಿಕೊಂಡು ಹೋದ. 71 ವರ್ಷ ಅವರಿಗೆ. ನವೆಂಬರ್ 15ಕ್ಕೆ ಬಿಟ್ಟ, 108 ದಿನ. ಮಳೇಲಿ, ಚಳೀಲಿ, ಮರದ ಕೆಳಗೆ ಮಲಗಿದರು ಆ ಜೀವ. ನೀನೀಗ ಖುಷಿಯಿಂದ ಮಲಗ್ತೀನಿ ಅಂತಿರೋ ಕಾಡೇ ಅದು. ಆ ದಿನಗಳಲ್ಲಿ ಈ ಊರಲ್ಲಿ ಹೊತ್ತು ಮುಳುಗಿದರೆ ಬಾಗಿಲು ತೆಗೀತಿರಲಿಲ್ಲ. ಅತ್ತ ಅವನು, ಇತ್ತ ಪೊಲೀಸರು, ನಡುವೆ ಸೋಲಿಗರು. ಅವರು ಪಟ್ಟ ಪಾಡು ಹೇಳತೀರದು. ನಂಗೆ ಕಾಡಲ್ಲಿ ರಾತ್ರಿ ಅಂದರೆ ಇದೆಲ್ಲ ಬರುತ್ತೆ ಕಣವ್ವ. ನಿಂಗೆ ಬರಲ್ಲ. ಬರದೇ ಇರೋದು ಒಳ್ಳೇದೇನೋ.

ಹುಡುಗಿ: ಆಗ ನಾನು ಹುಟ್ಟಿರಲಿಲ್ಲ. ಆದ್ರೆ ಕಾಡು ಅಂದ್ರೆ ಭಯ ಅನ್ನೋದು ಮಾತ್ರ ನಮಗೆ ಆಸ್ತಿಯಾಗಿ ಬಂದ್ರೆ ಸಾಕಾ? ಇದೇ ಊರಿನ ಅಣ್ಣಾವ್ರು 1973ರಲ್ಲಿ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿ ಆಗಿದ್ರು. ಮರ ಕಡಿಯಬೇಡಿ ಅಂತ ಕನ್ನಡದ ಜನ ಮನಸಾರೆ ಕೇಳಿದ್ದು ಆ ಚಿತ್ರದಿಂದ. ಅವರ ಮಗ ಅಪ್ಪು ತೀರಿಕೊಂಡ ಮೇಲೆ, 2022ರಲ್ಲಿ, ಅದೇ ಹೆಸರಿನ ಸಾಕ್ಷ್ಯಚಿತ್ರ ಬಂತು. ಅದರ ನಿರ್ದೇಶಕ ಅಮೋಘವರ್ಷ ಅವರ ಜೊತೆ ಅಪ್ಪು ಕಾಡಲ್ಲಿ ನಡೀತಾರೆ, ಹಾವು ಕಂಡ್ರೆ ಭಯ ಅಂತ ಹೇಳ್ಕೋತಾರೆ, ಮಗು ಥರ ಬೆರಗಾಗ್ತಾರೆ. ಕೊಯಮತ್ತೂರಲ್ಲಿ ಕನ್ನಡ ಬಾರದ ನನ್ನ ಸ್ನೇಹಿತರೂ ಅದನ್ನ ನೋಡಿ, ನಿಮ್ಮೂರ ಹತ್ತಿರ ಇಂಥ ಕಾಡಿದೆಯಾ ಅಂತ ಕೇಳಿದ್ರು. ಹಾಗೆ ಶುರುವಾದದ್ದು ಇದು.

ದೊಡ್ಡಪ್ಪ: ನೋಡಿ ಹೋದವರು ಆಮೇಲೆ ಏನು ಮಾಡ್ತಾರೆ? ನಾಳೆ ಈ ಕಾಡಲ್ಲಿ ರಸ್ತೆ ಅಗಲ ಮಾಡ್ತೀವಿ, ರೆಸಾರ್ಟ್ ಕಟ್ತೀವಿ ಅಂದರೆ ನಿಂತು ಕೇಳ್ತಾರಾ?

ಹುಡುಗಿ: ಎಲ್ಲರೂ ಕೇಳಲ್ಲ. ಒಬ್ಬಿಬ್ಬರು ಕೇಳ್ತಾರೆ. ನೋಡದೆ ಇದ್ದವರಂತೂ ಒಬ್ಬರೂ ಕೇಳಲ್ಲ.

ದೊಡ್ಡಪ್ಪ: ಬಣ್ಣಾರಿಯಿಂದ ನಮ್ಮ ಸೀಮೆಗೆ ಹತ್ತೋ ದಿಂಬಂ ಘಾಟಲ್ಲಿ ರಾತ್ರಿ ಗಾಡಿ ನಿಲ್ಲಿಸಬೇಕು ಅಂತ 2022ರಲ್ಲಿ ಹೈಕೋರ್ಟ್ ಹೇಳಿದಾಗ, ದೂರದಲ್ಲಿ ಕೂತವರೆಲ್ಲ ಒಳ್ಳೇ ತೀರ್ಪು ಅಂದರು. ಪ್ರಾಣಿಗಳಿಗೆ ಒಳ್ಳೇದೇ, ನಾನೂ ಇಲ್ಲ ಅನ್ನಲ್ಲ. ಆದರೆ ಕೋಸು ಟೊಮೇಟೊ ತುಂಬಿದ ಲಾರಿ ಸಂಜೆ ಆರರ ಮೇಲೆ ಇಳಿಯೋ ಹಂಗಿಲ್ಲ, ಹೆರಿಗೆ ನೋವು ಬಂದರೆ ಗೇಟಲ್ಲಿ ಕೇಳಿಕೊಂಡು ಹೋಗಬೇಕು ಅಂತ ಇಲ್ಲಿನ ಜನ ರಸ್ತೆಗಿಳಿದಾಗ, ಕಾಡಿನ ಪ್ರೀತಿ ಇರೋ ಯಾರು ಬಂದು ನಮ್ಮ ಜಗಲಿ ಮೇಲೆ ಕೂತು ಕೇಳಿದರು? ಅದೇ ವರ್ಷ ಸತ್ಯಮಂಗಲದ ಕಾಡಿಗೆ ಹುಲಿ ಇಮ್ಮಡಿ ಆಯ್ತು ಅಂತ ಟಿಎಕ್ಸ್2 ಪ್ರಶಸ್ತಿ ಬಂತು. ಸಂತೋಷ. ಆ ಹುಲಿ ಜೊತೆ ಬದುಕ್ತಿರೋರು ನಾವು. ನಮ್ಮ ಹೆಸರು ಅದರಲ್ಲಿ ಎಲ್ಲಿದೆ?

ಹುಡುಗಿ: ಅದಕ್ಕೇ ಅವರನ್ನ ಈ ಜಗಲಿಗೆ ಕರ್ಕೊಂಡು ಬರ್ತೀನಿ ಅಂತಿರೋದು. ಮರ ಮಾತ್ರ ತೋರಿಸಿ ಕಳಿಸಲ್ಲ. ನಿಮ್ಮ ಅಟ್ಟಣೆ ನೋಡಲಿ. ಒಂದು ರಾತ್ರಿ ಹೊಲದಲ್ಲಿರಲಿ. ಆನೆ ಕಂದಕ ಎಲ್ಲಿ ಕುಸಿದಿದೆ, ಸೋಲಾರ್ ಬೇಲಿ ಎಲ್ಲಿ ಸತ್ತಿದೆ ಅಂತ ನೀವೇ ತೋರಿಸಿ.

ದೊಡ್ಡಪ್ಪ: ಅಟ್ಟಣೆ ಏನು ಆಟದ ಮನೇನಾ? ಒಬ್ಬನೇ ಮಲಗೋ ಜಾಗ. ಏಳೆಂಟು ಜನ ಹತ್ತಿದರೆ ಗಳ ಮುರಿಯುತ್ತೆ. ಆನೆ ಬಂದಾಗ ಮೊಬೈಲ್ ಬೆಳಕು ಬಿಟ್ಟು ಒಬ್ಬ ಕೂಗಿದ ಅಂದ್ಕೋ, ಅವನ ಜೀವಕ್ಕೆ ಯಾರು ಹೊಣೆ? ಆನೆ ತಿರುಗಿ ಬಿದ್ದು ಪಕ್ಕದ ಹೊಲದವನನ್ನ ತುಳಿದರೆ ಅವನ ಹೆಂಡತಿಗೆ ನಾನು ಮುಖ ತೋರಿಸೋದು ಹೆಂಗೆ?

ಹುಡುಗಿ: ಹಾಗಾದ್ರೆ ಕಾಡಲ್ಲೂ ಬೇಡ, ಹೊಲದಲ್ಲೂ ಬೇಡ. ಎಲ್ಲಿ ಬರಬೇಕು ಅಂತ ಹೇಳಿ ದೊಡ್ಡಪ್ಪ. ಯಾವ ಕಡೆಯಿಂದ ಬಂದ್ರೂ ನೀವು ಬಾಗಿಲು ಹಾಕ್ತೀರಿ. ಹೀಗೇ ಆದ್ರೆ ಇನ್ನು ಮೂವತ್ತು ವರ್ಷಕ್ಕೆ ಈ ಕಾಡಿನ ಬಗ್ಗೆ ತೀರ್ಮಾನ ತಗೊಳ್ಳೋರು ಯಾರು? ಒಂದು ಮರದ ಹೆಸರೂ ಗೊತ್ತಿಲ್ಲದ ನನ್ನಂಥೋರೇ. ಊರಲ್ಲಿ ಹುಟ್ಟಿದ ನನಗೇ ಹೊನ್ನೆ ಯಾವುದು ಮತ್ತಿ ಯಾವುದು ಅಂತ ಗೊತ್ತಿಲ್ಲ. ನೀವೂ ಹೇಳಿಕೊಡಲಿಲ್ಲ.

ದೊಡ್ಡಪ್ಪ: ಓದೋಕೆ ಅಂತ ಹೈಸ್ಕೂಲಿಗೇ ಊರು ಬಿಟ್ಟೆಯಲ್ಲ, ಯಾವಾಗ ಹೇಳಿಕೊಡಲಿ?

ಹುಡುಗಿ: ಈಗ ಬಂದಿದ್ದೀನಲ್ಲ. ದೊಡ್ಡಸಂಪಿಗೆಗೆ ನೀವೇ ಬನ್ನಿ ನಮ್ಮ ಜೊತೆ.

ದೊಡ್ಡಪ್ಪ: ಈ ಮಂಡಿ ಇಟ್ಕೊಂಡಾ?

ಹುಡುಗಿ: ಇಲಾಖೆಯವರು ಬಿಟ್ರೆ ಜೀಪು ಹೋಗೋವರೆಗೆ ಜೀಪಲ್ಲಿ. ಆಮೇಲೆ ನಿಧಾನಕ್ಕೆ. ನಿಮ್ಮ ಕ್ರಮದಲ್ಲೇ ಹೋಗೋಣ. ಬೂಟು ಬಿಚ್ಚಿ ದೂರದಿಂದ ನೋಡೋಣ, ಕತ್ತಲಾಗೋಕೆ ಮುಂಚೆ ಜಾಗ ಬಿಡೋಣ. ರಾತ್ರಿ ಕ್ಯಾಂಪಲ್ಲಿ ಮಲಗೋ ವಿಷಯ ಮಾತ್ರ ನಾನು ಬಿಟ್ಟಿಲ್ಲ.

ದೊಡ್ಡಪ್ಪ: ನಾನೂ ಒಪ್ಪಿಲ್ಲ.

ಹುಡುಗಿ: ಅವರಿಗೆ ಏನಂತ ಹೇಳಲಿ ಹಾಗಾದ್ರೆ?

ದೊಡ್ಡಪ್ಪ: ಜನವರಿಗೆ ಇನ್ನೂ ಟೈಮಿದೆ. ಬೆಟ್ಟದ ಮೇಲೆ ನಂಗೆ ಗೊತ್ತಿರೋ ಸೋಲಿಗರ ಯಜಮಾನರು ಒಬ್ಬರಿದ್ದಾರೆ, ಮೊದಲು ಅವರನ್ನ ಕೇಳೋಣ. ಅವರು ಬೇಡ ಅಂದರೆ ಮುಗೀತು.

ಹುಡುಗಿ: ಬನ್ನಿ ಅಂದ್ರೆ?

ದೊಡ್ಡಪ್ಪ: ಅಂದರೆ ಶುಕ್ರವಾರ ಮಧ್ಯಾಹ್ನವೇ ಕೊಯಮತ್ತೂರು ಬಿಡೋಕೆ ಹೇಳು. ರಾತ್ರಿ ಒಂಬತ್ತರ ಮೇಲೆ ಬಣ್ಣಾರಿ ಗೇಟಲ್ಲಿ ಕಾರು ಬಿಡಲ್ಲ, ಆಮೇಲೆ ದಿಂಬಂ ಘಾಟಿನ 27 ತಿರುವು ಹತ್ತಬೇಕು. ಊಟಕ್ಕೆ ಇಲ್ಲಿಗೇ ಬರಲಿ. ಟೆಂಟಿನ ಜಗಳ ಊಟ ಆದ ಮೇಲೆ ಅವರ ಎದುರಿಗೇ ಆಡೋಣ.